ಬಾಡಿಗೆ ಸರ್ವರ್‌ನಲ್ಲಿ ಫೈರ್‌ಕ್ರ್ಯಾಕರ್ ಹಚ್ಚಿ ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳ ಬಾಡಿಗೆಗೆ ಒಂದು ಲಿನಕ್ಸ್ ಸರ್ವರ್ (ವಿಪಿಎಸ್, ಅಂದರೆ ದೊಡ್ಡ ಸರ್ವರ್‌ನ ಒಂದು ಪಾಲು) ಇಟ್ಟುಕೊಂಡು ಸೈಟು, ಬಾಟ್, ಸಣ್ಣಪುಟ್ಟ ಕೆಲಸ ನಡೆಸುವ ಗೆಳೆಯರು ನನಗೆ ಹಲವರಿದ್ದಾರೆ. ಫೈರ್‌ಕ್ರ್ಯಾಕರ್ ಬಗ್ಗೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದು ಹಾಕಿದ್ದೇನೆ. ಕಮಾಂಡ್‌ಗಳ ಪಟ್ಟಿ ಇಲ್ಲಿಲ್ಲ, ಅದು ಫೈರ್‌ಕ್ರ್ಯಾಕರ್‌ನ ಗಿಟ್‌ಹಬ್ ಪುಟದಲ್ಲೇ ಚೆನ್ನಾಗಿದೆ. ಎಲ್ಲಿ ಎಡವುತ್ತೀರಿ, ಯಾಕೆ ಎಡವುತ್ತೀರಿ ಅನ್ನುವುದು ಇಲ್ಲಿದೆ. ಬಹುತೇಕ ಕಡೆ ನಾನೇ ಮೊದಲು ಎಡವಿದ್ದೇನೆ.

ಫೈರ್‌ಕ್ರ್ಯಾಕರ್ ಅಂದರೆ ಏನು?

ಹೆಸರಿಗೆ ಪಟಾಕಿ. ಕೆಲಸ, ಪುಟಾಣಿ ವರ್ಚುವಲ್ ಮಷೀನ್‌ಗಳನ್ನು ಚಕ್ ಅಂತ ಎಬ್ಬಿಸುವುದು. ವರ್ಚುವಲ್ ಮಷೀನ್ ಅಂದರೆ ಒಂದು ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಅಮೆಜಾನ್‌ನ ಕ್ಲೌಡ್ ವಿಭಾಗ ಎಡಬ್ಲ್ಯೂಎಸ್, ಗ್ರಾಹಕರ ಕೋಡನ್ನು ಬೇಕೆಂದಾಗ ಮಾತ್ರ ಓಡಿಸುವ ತನ್ನ ಲ್ಯಾಂಬ್ಡಾ ಸೇವೆಗಾಗಿ ಕಟ್ಟಿ, 2018ರ ನವೆಂಬರ್‌ನಲ್ಲಿ ಅಪಾಚೆ ಪರವಾನಗಿಯಡಿ ಎಲ್ಲರಿಗೂ ಬಿಟ್ಟಿತು. ಬರೆದಿರುವುದು ರಸ್ಟ್ ಭಾಷೆಯಲ್ಲಿ. ಪೂರ್ತಿ ಸೊನ್ನೆಯಿಂದ ಶುರುವಾದದ್ದಲ್ಲ, ಗೂಗಲ್ ತನ್ನ ಕ್ರೋಮ್ ಓಎಸ್‌ಗೆ ಬರೆದಿದ್ದ ಕ್ರಾಸ್‌ವಿಎಂ ಇದಕ್ಕೆ ಬುನಾದಿ. ಒಂದು ಮಷೀನ್‌ಗೆ ಒಂದು ಪ್ರೊಸೆಸ್, ಅಷ್ಟೇ. ಹೋಸ್ಟ್‌ನಲ್ಲಿ, ಅಂದರೆ ಈ ಮಷೀನ್‌ಗಳನ್ನು ಹೊತ್ತ ಸರ್ವರ್‌ನಲ್ಲಿ, ಪ್ರೊಸೆಸ್ ಪಟ್ಟಿ ತೆರೆದರೆ ನಿಮ್ಮ ಇಡೀ ವರ್ಚುವಲ್ ಮಷೀನ್ ಒಂದು ಸಾಲಾಗಿ ಕಾಣುತ್ತದೆ.

ನನ್ನ ವಿಪಿಎಸ್ ಈಗಲೇ ವರ್ಚುವಲ್ ಮಷೀನ್ ಅಲ್ವಾ? ಇದರಲ್ಲಿ ಹೊಸದೇನಿದೆ?

ಹೌದು, ಈಗಲೇ ವರ್ಚುವಲ್. ಬಾಡಿಗೆ ಸರ್ವರ್‌ಗಳ ಹಿಂದೆ ವರ್ಚುವಲ್ ಮಷೀನ್ ಓಡಿಸುವ ಎಂಜಿನ್ ಆಗಾಗ ಬದಲಾಗುತ್ತಲೇ ಬಂದಿದೆ. ಬಾಡಿಗೆದಾರರಿಗೆ ಅದು ಗೊತ್ತಾಗುವುದು ಕಡಿಮೆ. 2003ರಲ್ಲಿ ಶುರುವಾದ ಲಿನೋಡ್ ಎಂಬ ಬಾಡಿಗೆ ಸರ್ವರ್ ಕಂಪನಿ ಮೊದಲು ಯೂಸರ್ ಮೋಡ್ ಲಿನಕ್ಸ್ ಬಳಸಿತು, ಆಮೇಲೆ ಝೆನ್, 2015ರಲ್ಲಿ ಕೆವಿಎಂ. ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಇಸಿ2 ಕೂಡ 2006ರಲ್ಲಿ ಝೆನ್ ಮೇಲೆ ಶುರುವಾಗಿ, 2017ರ ಕೊನೆಗೆ ಕೆವಿಎಂ ಕಡೆ ತಿರುಗಿತು.

ಕೆವಿಎಂ ಬಂದದ್ದು ಕುಮ್ರಾನೆಟ್ ಎಂಬ ಕಂಪನಿಯ ಆವಿ ಕಿವಿಟಿ ಅವರಿಂದ. 2007ರ ಫೆಬ್ರವರಿಯಲ್ಲಿ ಬಂದ 2.6.20 ಲಿನಕ್ಸ್ ಕರ್ನಲ್‌ನಲ್ಲೇ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಅದು ಸೇರಿಕೊಂಡಿತ್ತು. ಫೈರ್‌ಕ್ರ್ಯಾಕರ್ ಈ ಕೆವಿಎಂನ ಎದುರಾಳಿ ಅಲ್ಲ, ಅದರ ಮೇಲೆಯೇ ಕೂರುತ್ತದೆ. ಹಳೆಯ ಜೋಡಿ ಕೆವಿಎಂ ಮತ್ತು ಕ್ಯೂಎಮು. ಕೆವಿಎಂ ಪ್ರೊಸೆಸರ್, ಮೆಮೊರಿ ನೋಡಿಕೊಂಡರೆ, ಕ್ಯೂಎಮು ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ನಂಥ ಸಾಧನಗಳನ್ನು ನಟಿಸುತ್ತದೆ. ಈ ಜೋಡಿಯಲ್ಲಿ ಕ್ಯೂಎಮು ಎದ್ದು ಹೋಗಿ ಫೈರ್‌ಕ್ರ್ಯಾಕರ್ ಬಂದು ಕೂತಿದೆ ಅಂದುಕೊಳ್ಳಿ. ಬದಲಾದದ್ದು ಅಷ್ಟೇ, ಆದರೆ ಅಲ್ಲೇ ಎಲ್ಲಾ ವ್ಯತ್ಯಾಸ ಇದೆ.

ಕ್ಯೂಎಮುವಿಗೆ ಏನಾಗಿತ್ತು? ಚೆನ್ನಾಗೇ ಇತ್ತಲ್ಲ?

ಚೆನ್ನಾಗಿದೆ, ಈಗಲೂ ಇದೆ. ಅದರ ತೊಂದರೆ ಒಂದೇ: ಅದಕ್ಕೆ ಎಲ್ಲವೂ ಬರುತ್ತದೆ. ಹಳೆಯ ಸೌಂಡ್ ಕಾರ್ಡ್, ಹಳೆಯ ನೆಟ್‌ವರ್ಕ್ ಕಾರ್ಡ್, ಯುಎಸ್‌ಬಿ, ಫ್ಲಾಪಿ, ಏನು ಕೇಳಿದರೂ ನಟಿಸಿ ತೋರಿಸುತ್ತದೆ. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ತೂತು ಹೊರಬಿತ್ತಲ್ಲ, ಅದು ಇದ್ದದ್ದು ಎಲ್ಲಿ ಗೊತ್ತಾ? ಫ್ಲಾಪಿ ಡ್ರೈವ್ ನಟಿಸುವ ಕೋಡ್‌ನಲ್ಲಿ. 2004ರಿಂದ ಅಲ್ಲೇ ಮಲಗಿತ್ತು. ಡೇಟಾ ಸೆಂಟರ್‌ನಲ್ಲಿ ಯಾರೂ ಫ್ಲಾಪಿ ಹಾಕುತ್ತಿರಲಿಲ್ಲ. ಆದರೂ ಆ ಬಾಗಿಲು ಪ್ರತಿ ಮಷೀನ್‌ನಲ್ಲೂ ಇತ್ತು, ಅದರ ಮೂಲಕ ಒಳಗಿನವರು ಹೋಸ್ಟ್‌ಗೆ ನುಸುಳಬಹುದಿತ್ತು.

ಫೈರ್‌ಕ್ರ್ಯಾಕರ್ ಬರೆದವರು ಉಲ್ಟಾ ದಾರಿ ಹಿಡಿದರು. ಬೇಡದ್ದನ್ನು ಇಡಲೇ ಇಲ್ಲ. ಶುರುವಿನಲ್ಲಿ ಅದು ಕೊಡುತ್ತಿದ್ದದ್ದು ಒಂದು ಡಿಸ್ಕ್, ಒಂದು ನೆಟ್‌ವರ್ಕ್ ಕಾರ್ಡ್, ಹೋಸ್ಟ್ ಜೊತೆ ಮಾತಾಡಲು ಒಂದು ಸಾಕೆಟ್, ಒಂದು ಸೀರಿಯಲ್ ಕನ್ಸೋಲ್, ಮತ್ತು ಅರ್ಧಂಬರ್ಧ ಕೀಬೋರ್ಡ್. ಆ ಕೀಬೋರ್ಡ್‌ನಿಂದ ಟೈಪ್ ಮಾಡಲು ಆಗುವುದಿಲ್ಲ, ಮಷೀನ್ ನಿಲ್ಲಿಸಲು ಮಾತ್ರ ಅದು ಇರುವುದು. ಬಯೋಸ್ ಕೂಡ ಇಲ್ಲ. 2020ರಲ್ಲಿ ಅವರೇ ಪ್ರಕಟಿಸಿದ ಪ್ರಬಂಧದ ಲೆಕ್ಕದಲ್ಲಿ ಕೋಡ್ ಸುಮಾರು 50 ಸಾವಿರ ಸಾಲು. ಕ್ಯೂಎಮುವಿಗಿಂತ ಶೇಕಡಾ 96ರಷ್ಟು ಕಡಿಮೆ.

ಡಾಕರ್ ಸಾಕಲ್ವಾ?

ಒಳಗೆ ಓಡುವುದು ನಿಮ್ಮದೇ ಕೋಡ್ ಆದರೆ ಖಂಡಿತ ಸಾಕು. ಡಾಕರ್‌ನಲ್ಲಿ ಎಲ್ಲಾ ಕಂಟೇನರ್‌ಗಳೂ (ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಇಡುವ ಡಬ್ಬಿಗಳು) ಒಂದೇ ಕರ್ನಲ್ ಹಂಚಿಕೊಳ್ಳುತ್ತವೆ. ವಠಾರದ ಮನೆಗಳ ಹಾಗೆ: ಬಾಗಿಲು ಬೇರೆ ಬೇರೆ, ನೀರಿನ ಟ್ಯಾಂಕ್ ಒಂದೇ. ಮನೆಯವರೇ ಇದ್ದರೆ ಚಿಂತೆ ಇಲ್ಲ. ಗುರುತಿಲ್ಲದವರ ಕೋಡ್ ಓಡಿಸಬೇಕು ಅಂದಾಗ ಟ್ಯಾಂಕ್ ಬಗ್ಗೆ ಯೋಚನೆ ಬರುತ್ತದೆ. ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮ್ ಓಡಿಸಿ ಅಂಕ ಕೊಡುವ ಸೈಟು, ಯಾರೋ ಕಳಿಸಿದ ಕೋಡನ್ನು ಬಿಲ್ಡ್ ಮಾಡುವ ಸರ್ವರ್, ಎಐ ಬರೆದುಕೊಟ್ಟ ಸ್ಕ್ರಿಪ್ಟ್ ಓಡಿಸುವ ಜಾಗ, ಇಂಥ ಕಡೆ ಪ್ರತಿಯೊಬ್ಬರಿಗೂ ಬೇರೆ ಕರ್ನಲ್ ಕೊಡುವುದು ಕ್ಷೇಮ. ಫೈರ್‌ಕ್ರ್ಯಾಕರ್ ಇರುವುದು ಅದಕ್ಕೇ.

ನನ್ನ ವಿಪಿಎಸ್‌ನಲ್ಲಿ ಓಡುತ್ತದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸರ್ವರ್‌ಗೆ ಲಾಗಿನ್ ಆಗಿ, ಡೆವ್ ಫೋಲ್ಡರ್‌ನಲ್ಲಿ ಕೆವಿಎಂ ಎಂಬ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಇದ್ದರೆ, ನಿಮ್ಮ ಯೂಸರ್‌ಗೆ ಅದನ್ನು ಓದುವ, ಬರೆಯುವ ಅನುಮತಿ ಇದೆಯಾ ಅಂತಲೂ ನೋಡಿ.

ಯಾಕೆ ಇರುವುದಿಲ್ಲ? ಕೆವಿಎಂಗೆ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ ಬೇಕು. ಇಂಟೆಲ್‌ನಲ್ಲಿ ಅದು 2005ರಿಂದ, ಎಎಂಡಿಯಲ್ಲಿ 2006ರಿಂದ ಇದೆ. ಆದರೆ ನಿಮ್ಮ ವಿಪಿಎಸ್ ಆಗಲೇ ಒಂದು ವರ್ಚುವಲ್ ಮಷೀನ್. ಅದರೊಳಗೆ ಇನ್ನೊಂದನ್ನು ಎಬ್ಬಿಸಬೇಕಾದರೆ ಹೊರಗಿನವರು ಆ ಸೌಲಭ್ಯವನ್ನು ಒಳಗೆ ಬಿಟ್ಟುಕೊಡಬೇಕು. ಇದಕ್ಕೆ ನೆಸ್ಟೆಡ್ ವರ್ಚುವಲೈಸೇಶನ್ ಅನ್ನುತ್ತಾರೆ. ತುಂಬಾ ಕಡೆ ಬಿಡುವುದಿಲ್ಲ. ಕಂಟೇನರ್ ಥರದ ಓಪನ್‌ವಿಝಡ್ ವಿಪಿಎಸ್ ಆದರೆ ಆಸೆಯನ್ನೇ ಬಿಡಿ, ಅಲ್ಲಿ ನಿಮಗೆ ಸ್ವಂತ ಕರ್ನಲ್ಲೇ ಇಲ್ಲ.

ನಾನು ಒಂದು ಸಲ ಕೇಳದೆ ದುಡ್ಡು ಕಟ್ಟಿದೆ. ಅಗ್ಗಕ್ಕೆ ಸಿಕ್ಕಿತು ಅಂತ ವರ್ಷದ ಬಾಡಿಗೆ ಒಟ್ಟಿಗೆ ಕೊಟ್ಟು, ಲಾಗಿನ್ ಆಗಿ ನೋಡಿದರೆ ಆ ಫೈಲ್ ಇಲ್ಲ. ಸಪೋರ್ಟ್‌ಗೆ ಬರೆದೆ. ಸರ್ವರ್ ರೀಸ್ಟಾರ್ಟ್ ಮಾಡಿ ನೋಡಿ ಅಂತ ಉತ್ತರ ಬಂತು. ಮಾಡಿದೆ. ಎರಡನೇ ಉತ್ತರದಲ್ಲಿ ಈ ಪ್ಲಾನ್‌ನಲ್ಲಿ ಆ ಸೌಲಭ್ಯ ಇಲ್ಲ ಅಂದರು. ದುಡ್ಡು ವಾಪಸ್ ಬರಲಿಲ್ಲ. ತಗೊಳ್ಳುವ ಮುಂಚೆ ಒಂದು ಸಾಲು ಬರೆದು ಕೇಳಿ: "ನೆಸ್ಟೆಡ್ ಕೆವಿಎಂ ಸಿಗುತ್ತದಾ?" ಉತ್ತರ ಬರಹದಲ್ಲೇ ಇರಲಿ.

ಹಾಗಾದರೆ ಎಲ್ಲಿ ಶುರು ಮಾಡಲಿ?

ಮನೆಯಲ್ಲಿ. ಮೂಲೆಯಲ್ಲಿ ಧೂಳು ಹಿಡಿದ ಡೆಸ್ಕ್‌ಟಾಪ್ ಇದ್ದರೆ ಅದಕ್ಕೆ ಲಿನಕ್ಸ್ ಹಾಕಿ, ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ. ಹಲವು ಬೋರ್ಡ್‌ಗಳಲ್ಲಿ ಅದು ಆಫ್ ಆಗಿರುತ್ತದೆ. ವಿಂಡೋಸ್ 11 ಇದ್ದವರು ಡಬ್ಲ್ಯೂಎಸ್‌ಎಲ್ 2 ಒಳಗೂ ಆಡಿ ನೋಡಬಹುದು. ಎಲ್ಲಾ ಕೈಗೆ ಹತ್ತಿದ ಮೇಲೆ ಬಾಡಿಗೆ ವಿಷಯ. ಆಗಲೂ ನನ್ನ ಸಲಹೆ ನೆಸ್ಟೆಡ್ ಅಲ್ಲ, ಬೇರ್ ಮೆಟಲ್. ಅಂದರೆ ಇಡೀ ಭೌತಿಕ ಸರ್ವರ್. ಒಂದರೊಳಗೆ ಒಂದು ಇಟ್ಟಾಗ ವೇಗ ತಗ್ಗುತ್ತದೆ, ಅದರಲ್ಲೂ ಡಿಸ್ಕ್ ಮತ್ತು ನೆಟ್‌ವರ್ಕ್ ಕೆಲಸ ಜಾಸ್ತಿ ಇದ್ದರೆ. ಬಾಡಿಗೆ ದುಬಾರಿ, ನಿಜ. ಎರಡು ಮೂರು ಜನ ಸೇರಿ ತಗೊಂಡರೆ ಕೈಗೆಟುಕುತ್ತದೆ.

125 ಮಿಲಿಸೆಕೆಂಡ್‌ನಲ್ಲಿ ಏಳುತ್ತದೆ ಅನ್ನುತ್ತಾರೆ. ನಿಜವಾ?

ನಿಜ, ಆದರೆ ಎಲ್ಲಿಂದ ಎಲ್ಲಿಗೆ ಅಂತ ನೋಡಬೇಕು. ಶುರು ಮಾಡು ಅಂತ ಹೇಳಿದ ಕ್ಷಣದಿಂದ, ಒಳಗಿನ ಲಿನಕ್ಸ್ ತನ್ನ ಮೊದಲ ಪ್ರೋಗ್ರಾಮ್ ಆದ ಇನಿಟ್ ಅನ್ನು ಮುಟ್ಟುವವರೆಗಿನ ಲೆಕ್ಕ ಅದು. ಕರ್ನಲ್ ಚಿಕ್ಕದಿರಬೇಕು, ಸೀರಿಯಲ್ ಕನ್ಸೋಲ್ ಮುಚ್ಚಿರಬೇಕು. ನೀವು ಪೂರ್ತಿ ಉಬುಂಟು ತುಂಬಿಸಿ, ಸಿಸ್ಟಮ್‌ಡಿ ಅದರ ಸೇವೆಗಳನ್ನೆಲ್ಲ ಎಬ್ಬಿಸುತ್ತಾ ಕೂತರೆ ಸೆಕೆಂಡುಗಳೇ ಹಿಡಿಯುತ್ತವೆ. ಅದು ಫೈರ್‌ಕ್ರ್ಯಾಕರ್ ತಪ್ಪಲ್ಲ. ಆಲ್ಪೈನ್ ಎಂಬ ಪುಟಾಣಿ ಲಿನಕ್ಸ್ ಹಾಕಿ ನೋಡಿ. ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಲಾಗಿನ್ ಕೇಳುತ್ತಿರುತ್ತದೆ. ನಾನು ಮೊದಲ ಸಲ ನೋಡಿದಾಗ ಹಳೆಯ ಕಿಟಕಿಯನ್ನೇ ನೋಡುತ್ತಿದ್ದೇನೇನೋ ಅಂದುಕೊಂಡು ಮುಚ್ಚಿ ಮತ್ತೆ ತೆರೆದೆ.

ಶುರು ಮಾಡಲು ಏನೇನು ಕೈಯಲ್ಲಿರಬೇಕು?

ಫೈರ್‌ಕ್ರ್ಯಾಕರ್‌ನ ಒಂದೇ ಒಂದು ಬೈನರಿ ಫೈಲ್, ಒಂದು ಕರ್ನಲ್, ಒಂದು ಡಿಸ್ಕ್ ಚಿತ್ರ. ಕರ್ನಲ್ ವಿಷಯದಲ್ಲಿ ಒಂದು ಮಾತು. ಇಂಟೆಲ್, ಎಎಂಡಿ ಮಷೀನ್‌ಗಳಲ್ಲಿ ಬೂಟ್ ಫೋಲ್ಡರ್‌ನಲ್ಲಿರುವ ಕರ್ನಲ್ ಕುಗ್ಗಿಸಿಟ್ಟದ್ದು, ಅದನ್ನು ಇದು ಒಪ್ಪುವುದಿಲ್ಲ. ಕುಗ್ಗಿಸದ ವಿಎಂಲಿನಕ್ಸ್ ಬೇಕು. ಡಿಸ್ಕ್ ಅಂದರೆ ಇಎಕ್ಸ್‌ಟಿ4 ಮಾಡಿದ ಒಂದು ದೊಡ್ಡ ಫೈಲ್, ಅಷ್ಟೇ. ಸಂರಚನೆಯನ್ನು ಯುನಿಕ್ಸ್ ಸಾಕೆಟ್ ಎಂಬ ವಿಶೇಷ ಫೈಲ್ ಮೂಲಕ ಒಂದೊಂದೇ ಕಳಿಸಬಹುದು, ಇಲ್ಲವೇ ಎಲ್ಲವನ್ನೂ ಒಂದು ಜೇಸನ್ ಫೈಲ್‌ನಲ್ಲಿ ಬರೆದಿಡಬಹುದು. ಹೊಸಬರಿಗೆ ಜೇಸನ್ ಸಲೀಸು.

ಶುರು ಮಾಡಿದೆ, ತಪ್ಪು ಅಂತಲೂ ಬರಲಿಲ್ಲ, ಪರದೆ ಮಾತ್ರ ಖಾಲಿ. ಏನಾಯಿತು?

ಒಂದು ಇಡೀ ಸಂಜೆ ನಾನು ಕಪ್ಪು ಪರದೆ, ಮಿನುಗುವ ಕರ್ಸರ್ ನೋಡುತ್ತಾ ಕೂತಿದ್ದೆ. ಕಾಫಿ ಎರಡು ಸಲ ಆರಿತು. ಕರ್ನಲ್ ಸರಿಯಿಲ್ಲ ಅಂತ ಬೇರೆ ತಂದೆ. ಡಿಸ್ಕ್ ಸರಿಯಿಲ್ಲ ಅಂತ ಹೊಸದಾಗಿ ಮಾಡಿದೆ. ಕೊನೆಗೆ ನೋಡಿದರೆ ಮಷೀನ್ ಮೊದಲ ಸಲವೇ ಎದ್ದಿತ್ತು! ಮಾತಾಡು ಅಂತ ನಾನು ಹೇಳಿರಲಿಲ್ಲ. ಇಲ್ಲಿ ಮಾನಿಟರ್ ಇಲ್ಲ, ವಿಎನ್‌ಸಿ ಇಲ್ಲ. ಕಾಣಿಸಬೇಕಾದದ್ದೆಲ್ಲ ಸೀರಿಯಲ್ ಪೋರ್ಟ್‌ನಲ್ಲೇ ಬರಬೇಕು. ಕರ್ನಲ್‌ಗೆ ಕೊಡುವ ಬೂಟ್ ಸಾಲಿನಲ್ಲಿ ಕನ್ಸೋಲ್ ಮೊದಲ ಸೀರಿಯಲ್ ಪೋರ್ಟ್, ಅಂದರೆ ಟಿಟಿವೈಎಸ್ ಸೊನ್ನೆ, ಅಂತ ಬರೆಯಬೇಕು. ಬೂಟ್ ಸಂದೇಶ ಬಂದು ಲಾಗಿನ್ ಬರದಿದ್ದರೆ, ಡಿಸ್ಕ್ ಒಳಗೆ ಆ ಪೋರ್ಟ್‌ಗೆ ಗೆಟ್ಟಿ (ಲಾಗಿನ್ ಕೇಳುವ ಪ್ರೋಗ್ರಾಮ್) ಹಾಕಿಲ್ಲ ಅಂತ ಅರ್ಥ.

ಮಷೀನ್ ಎದ್ದಿದೆ, ಇಂಟರ್ನೆಟ್ ಬರುತ್ತಿಲ್ಲ.

ಫೈರ್‌ಕ್ರ್ಯಾಕರ್ ನಿಮಗೆ ನೆಟ್‌ವರ್ಕ್ ಕಟ್ಟಿಕೊಡುವುದಿಲ್ಲ. ಹೋಸ್ಟ್‌ನಲ್ಲಿ ಟ್ಯಾಪ್ ಎಂಬ ಸಾಧನ ನೀವೇ ಮಾಡಬೇಕು. ಅದನ್ನು ಒಂದು ತುದಿ ಮಷೀನ್‌ಗೆ ಸಿಕ್ಕಿಸಿದ ಲ್ಯಾನ್ ವೈರ್ ಅಂದುಕೊಳ್ಳಿ. ಎರಡೂ ತುದಿಗೆ ಐಪಿ ಕೊಡಬೇಕು, ಹೋಸ್ಟ್‌ನಲ್ಲಿ ಫಾರ್ವರ್ಡಿಂಗ್ ತೆರೆಯಬೇಕು, ಹೊರಗೆ ಹೋಗುವ ಕಾರ್ಡ್‌ಗೆ ಮಾಸ್ಕರೇಡ್ ನಿಯಮ (ಒಳಗಿನ ಐಪಿ ಬದಲು ಹೋಸ್ಟ್‌ನ ಐಪಿ ತೋರಿಸುವುದು) ಹಾಕಬೇಕು. ಒಳಗೆ ಗೇಟ್‌ವೇ ಮತ್ತು ಡಿಎನ್ಎಸ್ ಬರೆಯಬೇಕು. ಐಪಿಗೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಅಂದರೆ ಮರೆತಿರುವುದು ಡಿಎನ್ಎಸ್.

ಇಷ್ಟೆಲ್ಲ ಸರಿಯಿದ್ದೂ ಹೊರಗೆ ಹೋಗುತ್ತಿಲ್ಲವಾ? ಅದೇ ಹೋಸ್ಟ್‌ನಲ್ಲಿ ಡಾಕರ್ ಇದೆಯಾ ನೋಡಿ. ಡಾಕರ್ ತಾನು ಶುರುವಾಗುವಾಗ ಫೈರ್‌ವಾಲ್‌ನ ಫಾರ್ವರ್ಡ್ ಸರಪಳಿಯನ್ನು ಮುಚ್ಚಿಬಿಡುತ್ತದೆ, ತನ್ನ ಕಂಟೇನರ್‌ಗಳಿಗೆ ಮಾತ್ರ ದಾರಿ ಬಿಡುತ್ತದೆ. ನಿಮ್ಮ ಟ್ಯಾಪ್‌ಗೆ ಬೇರೆ ನಿಯಮ ಸೇರಿಸಬೇಕು. ಸೇರಿಸುವಾಗ ಎಸ್‌ಎಸ್‌ಎಚ್ ಪೋರ್ಟ್ ಮೇಲೆ ಕಣ್ಣಿರಲಿ. ಕೈ ತಪ್ಪಿದರೆ ನೀವೇ ಹೊರಗೆ. ಮತ್ತೆ, ಈ ಟ್ಯಾಪು, ನಿಯಮಗಳೆಲ್ಲ ಹೋಸ್ಟ್ ರೀಬೂಟ್ ಆದರೆ ಮಾಯ. ಒಂದು ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟು ಬೂಟ್ ವೇಳೆ ಓಡಿಸಿ.

ಒಂದೇ ಡಿಸ್ಕ್ ಫೈಲನ್ನು ಎರಡು ಮಷೀನ್‌ಗೆ ಕೊಡಬಹುದಾ?

ಓದಲು ಮಾತ್ರ ಅಂತ ಗುರುತು ಹಾಕಿ ಕೊಟ್ಟರೆ ಹೌದು. ಬರೆಯಲು ಬಿಟ್ಟರೆ ಬೇಡವೇ ಬೇಡ. ಇಎಕ್ಸ್‌ಟಿ4ಗೆ ತಾನೊಬ್ಬನೇ ಯಜಮಾನ ಅನ್ನುವ ನಂಬಿಕೆ. ಇಬ್ಬರು ಒಂದೇ ಖಾತೆ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಹೇಳದೆ ಲೆಕ್ಕ ಬರೆದರೆ ಏನಾಗುತ್ತದೆ? ಅದೇ ಆಗುತ್ತದೆ. ಫೈರ್‌ಕ್ರ್ಯಾಕರ್ ತಡೆಯುವುದೂ ಇಲ್ಲ. ನಾನು ಜೇಸನ್ ಫೈಲ್ ನಕಲು ಮಾಡಿ, ಮಷೀನ್ ಹೆಸರು, ಐಪಿ ಬದಲಾಯಿಸಿ, ಡಿಸ್ಕ್ ದಾರಿ ಬದಲಾಯಿಸುವುದನ್ನು ಮರೆತು ಮಲಗಿದೆ. ಬೆಳಿಗ್ಗೆ ಫೋಲ್ಡರ್ ಹೆಸರುಗಳ ಜಾಗದಲ್ಲಿ ಕಸ ಇತ್ತು. ಪುಣ್ಯಕ್ಕೆ ಪ್ರಯೋಗದ ಡಿಸ್ಕ್.

ಈಗ ನಾನು ಮಾಡುವುದು ಹೀಗೆ: ಮೂಲ ಚಿತ್ರ ಎಲ್ಲರಿಗೂ ಒಂದೇ, ಓದಲು ಮಾತ್ರ. ಅದರ ಮೇಲೆ ಪ್ರತಿ ಮಷೀನ್‌ಗೂ ಬರೆಯಲು ಒಂದು ಸಣ್ಣ ಡಿಸ್ಕ್, ಎರಡನ್ನೂ ಒಳಗೆ ಓವರ್‌ಲೇಎಫ್‌ಎಸ್‌ನಿಂದ ಜೋಡಿಸುತ್ತೇನೆ. ಜಾಗವೂ ಉಳಿಯುತ್ತದೆ.

ಕನ್ನಡದ ಫೈಲ್ ಹೆಸರುಗಳು ಒಳಗೆ ಅಂಕಿಗಳಾಗಿ ಕಾಣುತ್ತವೆ. ಫೈಲ್ ಹಾಳಾಯಿತಾ?

ಇಲ್ಲ, ಗಾಬರಿ ಬೇಡ. ಚಿಕ್ಕ ಡಿಸ್ಕ್ ಚಿತ್ರಗಳಲ್ಲಿ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಹಾಕಿರುವುದಿಲ್ಲ. ಆಗ ಪಟ್ಟಿ ತೋರಿಸುವ ಕಮಾಂಡ್‌ಗೆ ಅಕ್ಷರ ಗೊತ್ತಾಗದೆ ಬೈಟ್‌ಗಳನ್ನೇ ಎಣಿಸಿ ತೋರಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಮೊದಲನೆಯದು ಯಾವಾಗಲೂ ಅಷ್ಟಮಾನದ 340, ಎರಡನೆಯದು 262 ಇಲ್ಲವೇ 263. ಹಾಗಾಗಿ 340, 262 ಅಂತ ಸಾಲು ಸಾಲು ಕಂಡರೆ ಅದು ನಮ್ಮ ಕನ್ನಡವೇ. ಲೊಕೇಲನ್ನು ಯುಟಿಎಫ್-8ಕ್ಕೆ ಬದಲಿಸಿ, ಅಕ್ಷರ ವಾಪಸ್ ಬರುತ್ತದೆ. ಸಮಯವೂ ಯುಟಿಸಿಯಲ್ಲಿರುತ್ತದೆ. ಬೆಳಿಗ್ಗೆ 6 ಗಂಟೆಗೆ ಅಂತ ಇಟ್ಟ ಕ್ರಾನ್ ಕೆಲಸ ನಮ್ಮ ಗಡಿಯಾರದಲ್ಲಿ 11:30ಕ್ಕೆ ಓಡಿದರೆ ಆಶ್ಚರ್ಯ ಪಡಬೇಡಿ.

ಒಂದು ಸರ್ವರ್‌ನಲ್ಲಿ ಎಷ್ಟು ಮಷೀನ್ ಹಿಡಿಯುತ್ತವೆ?

ಫೈರ್‌ಕ್ರ್ಯಾಕರ್ ತನ್ನ ಪಾಲಿಗೆ ತಿನ್ನುವುದು ಒಂದು ಮಷೀನ್‌ಗೆ 5 ಎಂಬಿಗಿಂತ ಕಡಿಮೆ. ನೂರು ಮಷೀನ್‌ಗೆ ಅರ್ಧ ಜಿಬಿ ಆಸುಪಾಸು. ಉಳಿದದ್ದು ನೀವು ಒಳಗೆ ಎಷ್ಟು ಕೊಡುತ್ತೀರಿ ಅನ್ನುವುದರ ಮೇಲೆ. ಕೊಟ್ಟ ಮೆಮೊರಿ ಅಷ್ಟೂ ಕೂಡಲೇ ಖರ್ಚಾಗುವುದಿಲ್ಲ, ಒಳಗಿನವರು ಮುಟ್ಟಿದಷ್ಟೇ ಹೋಗುತ್ತದೆ. ಅದಕ್ಕೇ ಇರುವುದಕ್ಕಿಂತ ಜಾಸ್ತಿ ಹಂಚುವ ಆಸೆ ಆಗುತ್ತದೆ. ಆದರೆ ಒಮ್ಮೆ ಮುಟ್ಟಿದ್ದು ತಾನಾಗಿ ವಾಪಸ್ ಬರುವುದಿಲ್ಲ. ಒಳಗಿನ ಲಿನಕ್ಸ್ ಖಾಲಿ ಮೆಮೊರಿಯನ್ನೆಲ್ಲ ಫೈಲ್ ಕ್ಯಾಶ್‌ಗೆ ಬಳಸಿಕೊಂಡು ಹಾಯಾಗಿರುತ್ತದೆ, ಹೊರಗೆ ಹೋಸ್ಟ್ ಉಸಿರುಗಟ್ಟುತ್ತಿರುತ್ತದೆ. ಬಲೂನ್ ಎಂಬ ಸಾಧನ ಹಾಕಿದರೆ ಹಿಂದಕ್ಕೆ ಎಳೆದುಕೊಳ್ಳಬಹುದು. ಮೊದಮೊದಲು ಇರುವಷ್ಟನ್ನೇ ಹಂಚಿ.

ಸ್ನ್ಯಾಪ್‌ಶಾಟ್ ಬಗ್ಗೆ ಹೇಳಿ.

ಎದ್ದು ಕೂತ ಮಷೀನನ್ನು ಹಾಗೇ ಹೆಪ್ಪುಗಟ್ಟಿಸಿ ಫೈಲ್‌ನಲ್ಲಿಟ್ಟು, ಬೇಕೆಂದಾಗ ಅಲ್ಲಿಂದಲೇ ಮುಂದುವರಿಸಬಹುದು. ಜಾವಾದಂತಹ ನಿಧಾನವಾಗಿ ಕಾವೇರುವ ಪ್ರೋಗ್ರಾಮ್‌ಗಳಿಗೆ ವರ. ಎಡಬ್ಲ್ಯೂಎಸ್ 2022ರಲ್ಲಿ ಲ್ಯಾಂಬ್ಡಾಗೆ ತಂದ ಸ್ನ್ಯಾಪ್‌ಸ್ಟಾರ್ಟ್ ಹಿಂದೆ ಇರುವುದು ಇದೇ.

ಒಂದು ಸ್ನ್ಯಾಪ್‌ಶಾಟ್‌ನಿಂದ ಹತ್ತು ಮಷೀನ್ ಎಬ್ಬಿಸುವಾಗ ಮಾತ್ರ ಹುಷಾರು. ಹತ್ತೂ ಅವಳಿ ಮಕ್ಕಳು. ಐಪಿ ಒಂದೇ, ಗಡಿಯಾರ ನಿಂತ ಕ್ಷಣ ಒಂದೇ, ಅದಕ್ಕಿಂತ ಕೆಟ್ಟದ್ದು, ಯಾದೃಚ್ಛಿಕ ಸಂಖ್ಯೆ ಹುಟ್ಟುವ ಬೀಜವೂ ಒಂದೇ. ಹತ್ತೂ ಮಷೀನ್‌ಗಳು ಒಂದೇ "ಗುಟ್ಟಿನ" ಕೀಲಿ ತಯಾರಿಸಿದರೆ ಅದು ಗುಟ್ಟಾ? ಹೊಸ ಕರ್ನಲ್‌ಗಳಲ್ಲಿ ಇದನ್ನು ಗುರುತಿಸಿ ಬೀಜ ಬದಲಿಸುವ ವ್ಯವಸ್ಥೆ ಇದೆ. ಆದರೆ ನಿಮ್ಮ ಅಪ್ಲಿಕೇಶನ್ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡ ಬೀಜದ ಬಗ್ಗೆ ಕರ್ನಲ್‌ಗೆ ಏನೂ ಗೊತ್ತಿಲ್ಲ. ಕೀಲಿ ತಯಾರಿಸುವ ಕೆಲಸವನ್ನು ಸ್ನ್ಯಾಪ್‌ಶಾಟ್ ಎಬ್ಬಿಸಿದ ಮೇಲೆಯೇ ಮಾಡಿ.

ಒಳಗೆ ರೀಬೂಟ್ ಕೊಟ್ಟರೆ ಮಷೀನ್ ಸತ್ತೇ ಹೋಗುತ್ತದಲ್ಲ?

ಅದು ಹಾಗೇ. ರೀಬೂಟ್ ಅಂದರೆ ಪ್ರೊಸೆಸ್ ಮುಗಿಯುತ್ತದೆ. ಮತ್ತೆ ಎಬ್ಬಿಸುವುದು ನಿಮ್ಮ ಜವಾಬ್ದಾರಿ. ಹೋಸ್ಟ್‌ನಲ್ಲಿ ಸಿಸ್ಟಮ್‌ಡಿ ಸೇವೆಯಾಗಿ ಓಡಿಸಿದರೆ ಅದೇ ನೋಡಿಕೊಳ್ಳುತ್ತದೆ.

ವಿಂಡೋಸ್ ಓಡುತ್ತದಾ?

ಇಲ್ಲ.

ಗುರುತಿಲ್ಲದವರ ಕೋಡ್ ಓಡಿಸಲು ಇಷ್ಟು ಸಾಕಾ?

ಫೈರ್‌ಕ್ರ್ಯಾಕರ್ ಬೈನರಿಯನ್ನು ನೇರ ಓಡಿಸಿದರೆ ಸಾಲದು. ಜೊತೆಗೇ ಬರುವ ಜೈಲರ್ ಎಂಬ ಇನ್ನೊಂದು ಪ್ರೋಗ್ರಾಮ್ ಮೂಲಕ ಓಡಿಸಬೇಕು. ಅದು ಆ ಪ್ರೊಸೆಸ್ಸನ್ನು ಪ್ರತ್ಯೇಕ ಫೋಲ್ಡರ್‌ನೊಳಗೆ ಕೂಡಿಹಾಕಿ, ರೂಟ್ ಅಧಿಕಾರ ಕಿತ್ತುಕೊಂಡು, ಸಿಗ್ರೂಪ್ ಮೂಲಕ ಮೆಮೊರಿ, ಪ್ರೊಸೆಸರ್ ಬಳಕೆಗೆ ಮಿತಿ ಹಾಕಿ ಬಿಡುತ್ತದೆ. ಒಳಗಿನವರು ಹೇಗೋ ಮಷೀನ್ ಒಡೆದು ಬಂದರೂ ಸಿಗುವುದು ಇನ್ನೊಂದು ಗೋಡೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ತೂತುಗಳು ಹೊರಬಿದ್ದ ಮೇಲೆ ಪ್ರೊಸೆಸರನ್ನೇ ಪೂರ್ತಿ ನಂಬುವಂತಿಲ್ಲ. ಹಾಗಾಗಿ ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್ ಆಫ್ ಮಾಡಿ, ಮಷೀನ್‌ಗಳ ನಡುವೆ ಮೆಮೊರಿ ಪುಟ ಹಂಚುವ ಕೆಎಸ್‌ಎಂ ಆಫ್ ಮಾಡಿ ಅಂತ ಅವರ ಕೈಪಿಡಿಯೇ ಹೇಳುತ್ತದೆ. ಬೇರ್ ಮೆಟಲ್ ಇಲ್ಲದಿದ್ದರೆ ಇವು ನಿಮ್ಮ ಕೈಯಲ್ಲಿ ಇರುವುದೇ ಇಲ್ಲ.

ನನ್ನ ವರ್ಡ್‌ಪ್ರೆಸ್ ಸೈಟನ್ನು ಇದಕ್ಕೆ ಸಾಗಿಸಲಾ?

ಯಾಕೆ? ಸೈಟು ದಿನವಿಡೀ ಓಡುತ್ತಿರುತ್ತದೆ, ಬೇಗ ಏಳುವುದರಿಂದ ಅದಕ್ಕೇನೂ ಲಾಭವಿಲ್ಲ. ಈಗಿರುವ ಕೆವಿಎಂ ವಿಪಿಎಸ್‌ನಲ್ಲೇ ಚೆನ್ನಾಗಿದೆ. ಬ್ಯಾಕಪ್ ಗುಂಡಿ ಇದೆ, ಕನ್ಸೋಲ್ ಗುಂಡಿ ಇದೆ, ರಾತ್ರಿ ಬಿದ್ದರೆ ಎಬ್ಬಿಸುವವರಿದ್ದಾರೆ. ಇಲ್ಲಿ ಆ ಎಲ್ಲಾ ಕೆಲಸ ನಿಮ್ಮದೇ. ನೂರಾರು ಮಷೀನ್ ಹುಟ್ಟಿ ಸಾಯುತ್ತಿರುವ ಕಡೆ ಫೈರ್‌ಕ್ರ್ಯಾಕರ್ ಬೆಲೆ ಗೊತ್ತಾಗುತ್ತದೆ. ಒಂದೇ ಮಷೀನ್ ವರ್ಷಗಟ್ಟಲೆ ಓಡುವ ಕಡೆ ಸುಮ್ನೆ ತಲೆನೋವು.

ಇದೇ ಥರದ್ದು ಬೇರೆ ಯಾವುದಿದೆ?

ಕ್ಲೌಡ್ ಹೈಪರ್‌ವೈಸರ್ ಇದರ ದಾಯಾದಿ, ಅದೂ ರಸ್ಟ್‌ನಲ್ಲೇ ಇದೆ, ವಿಂಡೋಸನ್ನೂ ಓಡಿಸುತ್ತದೆ. ಕಂಟೇನರ್ ಅಭ್ಯಾಸ ಬಿಡಲಾರದವರಿಗೆ, ಕಂಟೇನರನ್ನು ಪುಟ್ಟ ವರ್ಚುವಲ್ ಮಷೀನ್‌ನೊಳಗೆ ಓಡಿಸುವ ಕಾಟಾ ಕಂಟೇನರ್ಸ್ ಇದೆ. ಕ್ಯೂಎಮು ಕೂಡ 2019ರ ಕೊನೆಗೆ 4.2 ಆವೃತ್ತಿಯಲ್ಲಿ ಮೈಕ್ರೋವಿಎಂ ಎಂಬ ಹಗುರ ಮಾದರಿ ತಂದಿತು, ಫೈರ್‌ಕ್ರ್ಯಾಕರ್ ನೋಡಿಯೇ. ಕೆವಿಎಂ ಸೌಲಭ್ಯವೇ ಸಿಗದ ಅಗ್ಗದ ವಿಪಿಎಸ್ ಮಾತ್ರ ಇರುವವರು ಕಂಟೇನರ್‌ಗೆ ಇನ್ನೊಂದು ಬೇಲಿ ಹಾಕುವ ಗೂಗಲ್‌ನ ಜಿವೈಸರ್ ನೋಡಿ, ಅದಕ್ಕೆ ಕೆವಿಎಂ ಇರಲೇಬೇಕು ಅಂತಿಲ್ಲ.

ಆಡಿ ನೋಡಿದೆ, ಬೇಡ ಅನಿಸಿತು. ತೆಗೆಯುವುದು ಹೇಗೆ?

ಪ್ರೊಸೆಸ್ ನಿಲ್ಲಿಸಿ. ಟ್ಯಾಪ್ ಅಳಿಸಿ. ಫೈರ್‌ವಾಲ್‌ಗೆ ಸೇರಿಸಿದ ನಿಯಮ ತೆಗೆಯಿರಿ. ಬೈನರಿ, ಕರ್ನಲ್, ಡಿಸ್ಕ್ ಫೈಲ್ ಅಳಿಸಿ. ಇನ್‌ಸ್ಟಾಲರ್ ಅಂತ ಏನೂ ಇರಲಿಲ್ಲವಾದ್ದರಿಂದ ಬೇರೆ ಏನೂ ಉಳಿಯುವುದಿಲ್ಲ, ಒಂದನ್ನು ಬಿಟ್ಟು: ಸಾಕೆಟ್ ಫೈಲ್. ಅದು ಸಾಮಾನ್ಯವಾಗಿ ಟೆಂಪ್ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ಆರು ತಿಂಗಳಾದ ಮೇಲೆ ಮನಸ್ಸು ಬದಲಾಗಿ ಮತ್ತೆ ಶುರು ಮಾಡಲು ಹೋದಾಗ ಆ ವಿಳಾಸ ಆಗಲೇ ಬಳಕೆಯಲ್ಲಿದೆ ಅಂತ ಬೈದರೆ, ಕಾರಣ ಅದೇ. ಅಳಿಸಿ, ಇನ್ನೊಮ್ಮೆ ಎಂಟರ್ ಒತ್ತಿ.